ಹನ್ನೊಂದು ತಿಂಗಳ ಕರಾರು, ಎಪ್ಪತ್ತು ವರ್ಷದ ಆಮೆ

ಬೆಂಗಳೂರಿನ ಗೊರಗುಂಟೆಪಾಳ್ಯದ ಮೆಟ್ರೊ ನಿಲ್ದಾಣದಿಂದ ಇಳಿದು ಯಾವ ಅಡ್ಡರಸ್ತೆ ಹೊಕ್ಕರೂ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ಕಾಣುತ್ತದೆ. ಫೋನು ಮಾಡಿದರೆ ಓನರು ಎಷ್ಟು ಜನ, ಎಲ್ಲಿ ಕೆಲಸ ಎಂದು ಕೇಳಿದ ಮೇಲೆ ಬರುವ ಪ್ರಶ್ನೆ: ‘ನಾಯಿಗೀಯಿ ಇಲ್ಲ ತಾನೆ?’ ಪೀಣ್ಯದ ಕಾರ್ಖಾನೆಗಳನ್ನು, ಗಾರ್ಮೆಂಟ್ಸನ್ನು, ಯಶವಂತಪುರದ ಎಪಿಎಂಸಿ ಯಾರ್ಡನ್ನು ನಂಬಿ ಬಂದ ಕುಟುಂಬಗಳು ಇಲ್ಲಿ ಒಂದು ರೂಮು, ಒಂದು ಹಾಲು, ಒಂದು ಅಡುಗೆಮನೆಯಲ್ಲಿ ಬದುಕು ಕಟ್ಟಿಕೊಂಡಿವೆ. ಮಗುವಿಗೆ ಆಡಲು ಅಂಗಳವಿಲ್ಲ, ಓನರು ನಾಯಿಗೆ ಒಪ್ಪುವುದಿಲ್ಲ, ಬೆಕ್ಕು ಪಕ್ಕದ ಮನೆಯ ಹಾಲಿಗೆ ಬಾಯಿ ಹಾಕಿ ಜಗಳ ತರುತ್ತದೆ. ಆಗ ಮಗು ಎಲ್ಲೋ ವಿಡಿಯೊ ನೋಡಿ ಬಂದು ಕೇಳುತ್ತದೆ: ‘ಅಪ್ಪಾ, ಆಮೆ ತರೋಣ್ವಾ? ಅದು ಸದ್ದೇ ಮಾಡಲ್ಲ.’

ಪ್ರಾಣಿಗಳ ಬಗ್ಗೆ ಬರೆಯುತ್ತೇನೆಂದು ಗೊತ್ತಿರುವ ಅಕ್ಕಪಕ್ಕದವರು ಈ ಪ್ರಶ್ನೆಯನ್ನು ನನ್ನ ಬಳಿಗೂ ತರುತ್ತಾರೆ. ‘ಸಾರ್, ಆಮೆ ಸಾಕೋದು ಸುಲಭ ಅಂತಾರಲ್ಲ, ನಿಜಾನಾ?’ ಮೇಲುನೋಟಕ್ಕೆ ಅವರ ಲೆಕ್ಕ ಸರಿಯಾಗಿಯೇ ಇದೆ. ಬೊಗಳುವುದಿಲ್ಲ, ಕೂದಲು ಉದುರಿಸುವುದಿಲ್ಲ, ವಾಕಿಂಗಿಗೆ ಕರೆದೊಯ್ಯಬೇಕಿಲ್ಲ, ಸೊಪ್ಪು ಹಾಕಿದರೆ ಸಾಕು. ನನ್ನ ಉತ್ತರ ಮಾತ್ರ ‘ಬೇಡ’ ಎಂಬುದೇ. ಆದರೆ ಮೆಟ್ಟಿಲ ಮೇಲೆ ನಿಂತು ಬೇಡ ಎಂದರೆ ಮಗುವಿನ ಮುಖ ಬಾಡುತ್ತದೆ, ದೊಡ್ಡವರಿಗೆ ಕಾರಣ ತಿಳಿಯದೇ ಉಳಿಯುತ್ತದೆ. ಆ ಕಾರಣಗಳನ್ನು ಬಿಡಿಸಿ ಹೇಳಲೆಂದೇ ಈ ಬರಹ.

ಆಮೆಯ ಮೇಲೆ ನಮ್ಮವರಿಗಿರುವ ಪ್ರೀತಿ ಹೊಸದಲ್ಲ. ವಿಷ್ಣುವಿನ ಎರಡನೆಯ ಅವತಾರವೇ ಕೂರ್ಮ. ಹೊಸದುರ್ಗ ತಾಲ್ಲೂಕಿನ ಗವಿರಂಗಾಪುರದಲ್ಲಿ ಕೂರ್ಮರೂಪಿಗೆ ಪೂಜೆ ನಡೆಯುತ್ತದೆ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಶ್ರೀಕೂರ್ಮಂ ದೇವಸ್ಥಾನದ ಆವರಣದಲ್ಲಿ ಜೀವಂತ ನಕ್ಷತ್ರ ಆಮೆಗಳೇ ಇವೆ. ತುಮಕೂರು ರಸ್ತೆಯ ಇಕ್ಕೆಲದ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ನೀರು ತುಂಬಿದ ತಟ್ಟೆಯಲ್ಲಿ ಅದೃಷ್ಟಕ್ಕೆಂದು ಇಟ್ಟ ಲೋಹದ್ದೋ ಗಾಜಿನದ್ದೋ ಆಮೆ ಕೂತಿರುವುದನ್ನು ನೀವೂ ನೋಡಿರುತ್ತೀರಿ. ಅದರಿಂದ ಯಾವ ಜೀವಕ್ಕೂ ತೊಂದರೆಯಿಲ್ಲ. ಲೋಹದ ಆಮೆಯೇ ಇಷ್ಟು ಒಳ್ಳೆಯದು ಮಾಡುವುದಾದರೆ ಜೀವಂತ ಆಮೆ ಇನ್ನೆಷ್ಟು ಮಾಡೀತು ಎಂದು ಯಾರೋ ಕಿವಿಯಲ್ಲಿ ಊದಿದಾಗ ತೊಂದರೆ ಶುರುವಾಗುತ್ತದೆ. ಇಪ್ಪತ್ತು ಉಗುರಿನ ಆಮೆ ಇದ್ದರೆ ನಿಧಿ ಸಿಗುತ್ತದೆಂದು ನಂಬಿಸಿ ಲಕ್ಷಗಟ್ಟಲೆ ಕೀಳುವ ದಂಧೆಯೂ ಇದೆ. ಹಣ ಕೊಟ್ಟವರು ಮೋಸ ಹೋಗುತ್ತಾರೆ, ಆಮೆ ಪ್ರಾಣ ಕಳೆದುಕೊಳ್ಳುತ್ತದೆ.

ಮನೆಗೆ ಆಮೆ ಬೇಕೆಂದು ಹೊರಟವರ ಕಣ್ಣು ಮೊದಲು ಹೋಗುವುದು ನಕ್ಷತ್ರ ಆಮೆಯ ಮೇಲೆ. ಕಪ್ಪು ಚಿಪ್ಪಿನ ಒಂದೊಂದು ಉಬ್ಬಿನಿಂದಲೂ ಹಳದಿ ಗೆರೆಗಳು ಕಿರಣಗಳಾಗಿ ಹೊರಡುತ್ತವೆ. ಅಷ್ಟು ಚೆಂದದ ಪ್ರಾಣಿ ಇನ್ನೊಂದು ದೇಶದ್ದೇನೂ ಅಲ್ಲ, ನಮ್ಮದೇ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಒಣ ಸೀಮೆಯಲ್ಲಿ, ಗಡಿಯಾಚೆಯ ಚಿತ್ತೂರು, ಅನಂತಪುರದಲ್ಲಿ, ಜಾಲಿ, ಕಾರೆ, ಬಂದರಿಕೆ ಗಿಡಗಳ ನಡುವಿನ ಹುಲ್ಲಿನಲ್ಲಿ ಅದರ ಬದುಕು. ತಮಿಳುನಾಡು, ಶ್ರೀಲಂಕಾ, ಅತ್ತ ರಾಜಸ್ಥಾನ, ಗುಜರಾತುಗಳಲ್ಲೂ ಇದೆ. ಬೇಸಿಗೆಯ ಸುಡುಬಿಸಿಲಲ್ಲಿ ಪೊದೆಯ ಬುಡ ಸೇರಿ ಅಲ್ಲಾಡದೆ ಇರುತ್ತದೆ. ಮುಂಗಾರಿನ ಮಳೆ ಬಿದ್ದು ನೆಲ ಹಸಿರಾದಾಗ ಬೆಳಿಗ್ಗೆ, ಸಂಜೆ ಹೊರಗೆ ಬಂದು ಹುಲ್ಲು, ಚಿಗುರು, ಬಿದ್ದ ಹಣ್ಣು, ಹೂವು ಮೇಯುತ್ತದೆ. ಮಳೆಗಾಲವೇ ಅದಕ್ಕೆ ಸುಗ್ಗಿ, ಅದೇ ಜೋಡಿಯಾಗುವ ಕಾಲ.

ಆ ಚಿಪ್ಪಿನ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹಂಗೇರಿಯ ಗಾಬೋರ್ ಡೊಮೊಕೋಶ್ ಮತ್ತು ಪೀಟರ್ ವಾರ್ಕೊನಿ ಎಂಬಿಬ್ಬರು 2006ರಲ್ಲಿ ‘ಗೋಂಬೋಟ್ಸ್’ ಎಂಬ ಘನಾಕೃತಿಯನ್ನು ರೂಪಿಸಿ ತೋರಿಸಿದರು. ಒಳಗೆ ಯಾವ ಭಾರವನ್ನೂ ಅಡಗಿಸಿಲ್ಲ, ಎಲ್ಲೂ ಹಳ್ಳ ಬಿದ್ದಿಲ್ಲ. ಆದರೂ ಹೇಗೆ ಇಟ್ಟರೂ ತಾನಾಗಿ ಹೊರಳಿ ಒಂದೇ ಭಂಗಿಗೆ ಬಂದು ನಿಲ್ಲುವ ಆಕಾರ ಅದು. ಆಮೇಲೆ ಅವರು ಪ್ರಕೃತಿಯಲ್ಲಿ ಇಂಥದ್ದು ಇದೆಯೇ ಎಂದು ಹುಡುಕುತ್ತ ಆಮೆಗಳ ಚಿಪ್ಪುಗಳನ್ನು ಅಳೆದರು. ಅವರು ಹುಡುಕಿದ್ದಕ್ಕೆ ತೀರ ಹತ್ತಿರ ಬಂದದ್ದು ಭಾರತದ ನಕ್ಷತ್ರ ಆಮೆಯ ಚಿಪ್ಪು. ಬೆನ್ನಡಿಯಾಗಿ ಬಿದ್ದ ಆಮೆ ಮತ್ತೆ ಕಾಲೂರಿ ನಿಲ್ಲಲು ಚಿಪ್ಪಿನ ಗುಮ್ಮಟವೇ ನೆರವಾಗುತ್ತದೆ. ಕೋಲಾರದ ಕುರುಚಲು ಕಾಡಿನಲ್ಲಿ ಓಡಾಡುವ ಜೀವ ಇಂಥ ಗಣಿತವನ್ನು ಬೆನ್ನ ಮೇಲೆ ಹೊತ್ತಿದೆ ಎಂಬುದು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿರಬೇಕು.

ಈ ಚೆಲುವೇ ಅದಕ್ಕೆ ಕುತ್ತಾಗಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಕಳ್ಳಸಾಗಣೆಯಾಗುವ ನೆಲದ ಆಮೆಗಳಲ್ಲಿ ಇದೂ ಒಂದು. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದ ಒಂದೇ ಒಂದು ವ್ಯಾಪಾರ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಹೋಗುತ್ತಿವೆಯೆಂದು ಅಂದಾಜು ಮಾಡಿತು. ಎಲ್ಲವೂ ಕಾಡಿನಿಂದ ಹಿಡಿದವು, ಹೆಚ್ಚಿನವು ಮರಿಗಳು. ಹಳ್ಳಿಯಲ್ಲಿ ಒಂದು ಮರಿಗೆ ಚಿಲ್ಲರೆ ಕಾಸು ಕೊಟ್ಟು ಕೊಂಡವರು ಅವನ್ನು ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ತುಂಬಿ ಚೆನ್ನೈ, ಬೆಂಗಳೂರು ವಿಮಾನ ನಿಲ್ದಾಣಗಳ ಮೂಲಕ ಬ್ಯಾಂಕಾಕಿನ ಕಡೆಗೆ ಸಾಗಿಸುತ್ತಾರೆ. ದಾರಿಯಲ್ಲಿ ಉಸಿರುಗಟ್ಟಿ ಸತ್ತವು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಹೆಣ್ಣು ಪ್ರಾಯಕ್ಕೆ ಬರಲು ಎಂಟು–ಹತ್ತು ವರ್ಷ ಹಿಡಿಯುತ್ತದೆ, ಒಂದು ಸಲಕ್ಕೆ ಇಡುವುದು ಕೆಲವೇ ಮೊಟ್ಟೆ. ಹೀಗೆ ನಿಧಾನವಾಗಿ ಸಂತತಿ ಬೆಳೆಸುವ ಪ್ರಾಣಿಯನ್ನು ಚೀಲಗಟ್ಟಲೆ ಬಾಚಿದರೆ ಆ ಬಯಲಿನಲ್ಲಿ ಮುಂದಿನ ಪೀಳಿಗೆ ಇರುವುದಿಲ್ಲ.

ಕಾನೂನು ಈಗ ಕಟ್ಟುನಿಟ್ಟಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಕ್ಷತ್ರ ಆಮೆ ಮೊದಲು ನಾಲ್ಕನೇ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಅದು ಒಂದನೇ ಅನುಸೂಚಿಗೆ ಏರಿತು. ಹುಲಿ, ಆನೆ ಇರುವ ಪಟ್ಟಿ ಅದು. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪೆಂಡೆಂಟು ಹಾಕಿಕೊಂಡಿದ್ದಕ್ಕೆ ಟಿವಿ ರಿಯಾಲಿಟಿ ಶೋ ನಡೆಯುತ್ತಿದ್ದ ಮನೆಯಿಂದಲೇ ಸ್ಪರ್ಧಿಯೊಬ್ಬರನ್ನು ಅರಣ್ಯಾಧಿಕಾರಿಗಳು ಬಂಧಿಸಿದಾಗ ರಾಜ್ಯಕ್ಕೆ ರಾಜ್ಯವೇ ಬೆರಗಾಗಿತ್ತು. ಅಕ್ವೇರಿಯಂ ತೊಟ್ಟಿಯಲ್ಲಿ ಕೂರಿಸಿದ ನಕ್ಷತ್ರ ಆಮೆಯ ಮರಿಯೂ ಅದೇ ಕಾಯ್ದೆಯ ಅದೇ ಅನುಸೂಚಿಯಡಿ ಬರುತ್ತದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವೂ 2019ರಲ್ಲಿ ಇದನ್ನು ಅತಿ ಕಠಿಣವಾದ ಮೊದಲ ಪಟ್ಟಿಗೆ ಸೇರಿಸಿತು. ‘ಇದು ಕಾಡಿಂದ ತಂದದ್ದಲ್ಲ, ಫಾರಂನಲ್ಲೇ ಹುಟ್ಟಿದ್ದು’ ಎಂದು ಮಾರುವವರು ಹೇಳಿದರೆ ನಂಬಬೇಡಿ. ಎಲ್ಲಿ ಹುಟ್ಟಿದ್ದಾದರೂ ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವೇ.

ನಕ್ಷತ್ರ ಆಮೆ ಬೇಡವೆಂದರೆ ಕೆಂಪು ಕಿವಿಯ ಆಮೆ ತೋರಿಸುತ್ತಾರೆ. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ, ಎರಡು ಬೆರಳಗಲದ ಹಸಿರು ಮರಿ. ಅಮೆರಿಕದ ಮಿಸಿಸಿಪ್ಪಿ ಕಣಿವೆಯಿಂದ ಬಂದದ್ದು, ನೀರಿನ ಆಮೆ. ಕಾಡಿನ ಕಾಯ್ದೆಯ ಭಯವಿಲ್ಲವೆಂದು ಧೈರ್ಯವಾಗಿ ಕೊಳ್ಳುತ್ತಾರೆ. ಕೆಲವೇ ವರ್ಷಗಳಲ್ಲಿ ಅದು ಒಂದಡಿಯ ಹತ್ತಿರ ಬೆಳೆಯುತ್ತದೆ, ತೊಟ್ಟಿ ನಾರುತ್ತದೆ, ಮನೆಯವರಿಗೆ ಸಾಕೆನಿಸುತ್ತದೆ. ಆಗ ಭಾನುವಾರ ಸಂಜೆ ಹತ್ತಿರದ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು ಕೈಮುಗಿದು ಬರುತ್ತಾರೆ. ಪುಣ್ಯ ಬಂತೆಂದುಕೊಂಡರೂ ಅಲ್ಲಿ ಆಗುವುದು ಅನಾಹುತ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ. ನಮ್ಮ ಕೆರೆಗಳ ಕರಿ ಆಮೆ, ಮೆದು ಚಿಪ್ಪಿನ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಅದು ಕಸಿಯುತ್ತದೆ. ಐರೋಪ್ಯ ಒಕ್ಕೂಟ 1997ರಲ್ಲೇ ಇದರ ಆಮದನ್ನು ನಿಲ್ಲಿಸಿತು. ಅದರ ತವರಾದ ಅಮೆರಿಕದಲ್ಲೇ 1975ರಿಂದ ನಾಲ್ಕಿಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವಂತಿಲ್ಲ. ಪುಟ್ಟ ಮಕ್ಕಳು ಅವನ್ನು ಬಾಯಿಗಿಟ್ಟುಕೊಂಡು, ಮುಟ್ಟಿದ ಕೈಯಲ್ಲೇ ಉಂಡು ಸಾಲ್ಮೊನೆಲ್ಲಾ ಸೋಂಕಿಗೆ ತುತ್ತಾಗುತ್ತಿದ್ದುದೇ ಅದಕ್ಕೆ ಕಾರಣ. ನೋಡಲು ಆರೋಗ್ಯವಾಗಿರುವ ಆಮೆಯ ಮೈಮೇಲೂ ಆ ಬ್ಯಾಕ್ಟೀರಿಯಾ ಇರಬಹುದು. ಅಡುಗೆಮನೆಯ ಸಿಂಕಿನಲ್ಲೇ ಆಮೆಯ ತೊಟ್ಟಿ ತೊಳೆಯುವ ಒಂದು ರೂಮಿನ ಮನೆಗೆ ಇದು ಸಣ್ಣ ವಿಷಯವಲ್ಲ.

ಮೂರನೆಯದು ಆಫ್ರಿಕಾದ ಸಲ್ಕಾಟಾ. ಸಹರಾ ಮರುಭೂಮಿಯ ದಕ್ಷಿಣದ ಅಂಚಿನ ಪ್ರಾಣಿ. ‘ಲೀಗಲ್ ಸಾರ್, ಇದಕ್ಕೇನೂ ತೊಂದರೆಯಿಲ್ಲ’ ಎಂದು ಮಾರುತ್ತಾರೆ. ತೊಂದರೆಯಿಲ್ಲ ಎನ್ನುವುದು ಅರ್ಧ ಸತ್ಯ. ಸೈಟಿಸ್‌ನ ಎರಡನೇ ಪಟ್ಟಿಯಲ್ಲಿರುವ ಪ್ರಾಣಿ ಇದು. ಕಾಯ್ದೆಗೆ ಆದ ತಿದ್ದುಪಡಿಯ ಬೆನ್ನಿಗೆ 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ ಇಂಥ ವಿದೇಶಿ ಪ್ರಾಣಿ ಸಾಕುವವರು ‘ಪರಿವೇಶ್’ ಪೋರ್ಟಲಿನಲ್ಲಿ ನೋಂದಣಿ ಮಾಡಿಸಬೇಕು. ಮರಿ ಹುಟ್ಟಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಬಿಲ್ಲು, ಆಮದು ಪತ್ರ ಯಾವುದೂ ಇಲ್ಲದೆ ಕೈಗೆ ಬಂದ ಮರಿ ಎಲ್ಲಿಂದ ಬಂತೆಂದು ಯಾರು ಹೇಳಬೇಕು? 2023ರ ಆಗಸ್ಟಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಒಬ್ಬ ಪ್ರಯಾಣಿಕನ ಸಾಮಾನಿನಲ್ಲಿ 234 ವನ್ಯಪ್ರಾಣಿಗಳು ಸಿಕ್ಕಿದ್ದವು. ಹಾವು, ಆಮೆಗಳ ಜೊತೆ ಸತ್ತ ಕಾಂಗರೂ ಮರಿಯೂ ಇತ್ತು. ಪೇಟೆಯಲ್ಲಿ ‘ಎಕ್ಸಾಟಿಕ್’ ಎಂದು ಮಾರುವ ಪ್ರಾಣಿಗಳ ಹಿಂದೆ ಇಂಥ ಸೂಟ್‌ಕೇಸುಗಳೂ ಇವೆ.

ಕಾಗದ ಪತ್ರ ಎಲ್ಲ ಸರಿಯಿದೆ ಅಂತಲೇ ಇಟ್ಟುಕೊಳ್ಳೋಣ. ಆಗ ನೋಡಬೇಕಾದದ್ದು ಆಮೆಗೆ ಏನು ಬೇಕು, ಗೊರಗುಂಟೆಪಾಳ್ಯದ ಮನೆಯಲ್ಲಿ ಏನಿದೆ ಎಂಬುದನ್ನು.

ಸಲ್ಕಾಟಾ ಮೊಟ್ಟೆಯೊಡೆದಾಗ ಐದು ಸೆಂಟಿಮೀಟರಿನಷ್ಟು ಉದ್ದ, ಅಂಗೈಯಲ್ಲಿ ಕೂರುತ್ತದೆ. ಬೆಳೆದ ಗಂಡು ಐವತ್ತು ಕಿಲೊ ಮುಟ್ಟಬಲ್ಲದು, ದಾಟಲೂಬಹುದು. ಯಶವಂತಪುರ ಯಾರ್ಡಿನಲ್ಲಿ ಹಮಾಲರು ಹೊರುವ ಅಕ್ಕಿಮೂಟೆಯ ತೂಕ. ಆ ಮೂಟೆ ನಡೆಯುತ್ತದೆ, ತಳ್ಳುತ್ತದೆ, ನೆಲ ತೋಡುತ್ತದೆ. ತವರಿನಲ್ಲಿ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಮೀಟರುಗಟ್ಟಲೆ ಉದ್ದದ ಬಿಲ ಕೊರೆಯುವುದು ಅದರ ಹುಟ್ಟುಗುಣ. ಇಲ್ಲಿನ 30–40 ಸೈಟಿನಲ್ಲಿ ಮೂರು ಅಂತಸ್ತು ಎದ್ದು, ಉಳಿದ ನೆಲಕ್ಕೂ ಸಿಮೆಂಟು ಬಿದ್ದಿದೆ. ತೋಡಲು ಮಣ್ಣೆಲ್ಲಿದೆ? ಟೈಲ್ಸ್ ಹಾಕಿದ ನುಣುಪು ನೆಲದಲ್ಲಿ ಬೆಳೆಯುವ ಆಮೆಯ ಕಾಲುಗಳು ಜಾರುತ್ತ ಸೊಟ್ಟಗಾಗುತ್ತವೆ.

ಬಿಸಿಲಿನ ಮಾತು ಇನ್ನೂ ಮುಖ್ಯ. ಆಮೆಯ ಚಿಪ್ಪು ಮೇಲೆ ಹೊದಿಸಿದ ಮುಚ್ಚಳವಲ್ಲ. ಬೆನ್ನೆಲುಬು, ಪಕ್ಕೆಲುಬುಗಳೇ ಬೆಸೆದು ಆದದ್ದು. ಅದರಲ್ಲಿ ರಕ್ತ ಹರಿಯುತ್ತದೆ, ಮುಟ್ಟಿದರೆ ಆಮೆಗೆ ತಿಳಿಯುತ್ತದೆ. ಅದಕ್ಕೆ ಬಣ್ಣ ಬಳಿಯುವುದು, ತೂತು ಕೊರೆದು ಸರಪಳಿ ಕಟ್ಟುವುದು ಚಿತ್ರಹಿಂಸೆ. ಇಷ್ಟೊಂದು ಮೂಳೆ ಗಟ್ಟಿಯಾಗಲು ಸುಣ್ಣದಂಶ ಬೇಕು, ಆ ಸುಣ್ಣ ಮೈಗೆ ಹತ್ತಲು ಡಿ ವಿಟಮಿನ್ ಬೇಕು, ಡಿ ವಿಟಮಿನ್ ತಯಾರಾಗಲು ಬಿಸಿಲಿನ ಅತಿನೇರಳೆ ಕಿರಣ ಬೇಕು. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಲ್ಲಿ ಆ ಕಿರಣ ಇರುವುದಿಲ್ಲ, ಗಾಜು ಅದನ್ನು ತಡೆಯುತ್ತದೆ. ಎರಡು ಕಟ್ಟಡಗಳ ನಡುವೆ ಕೈ ಚಾಚುವಷ್ಟೇ ಜಾಗವಿರುವ ನಮ್ಮ ಓಣಿಗಳಲ್ಲಿ ನೆಲ ಅಂತಸ್ತಿಗೆ ನೇರ ಬಿಸಿಲು ಬೀಳುವುದೇ ಅಪರೂಪ. ಟೆರೇಸಿಗೆ ಒಯ್ದರೆ ಏಪ್ರಿಲ್ ಮಧ್ಯಾಹ್ನದ ಸಿಮೆಂಟು ಹೆಂಚಿನಂತೆ ಕಾದಿರುತ್ತದೆ, ಕಾಗೆ, ಹದ್ದುಗಳು ಮರಿಗೆ ಹೊಂಚು ಹಾಕುತ್ತವೆ. ಬಿಸಿಲು ಸಿಗದ ಮರಿಯ ಚಿಪ್ಪು ಮೆತ್ತಗಾಗಿ ಬೆರಳಿಗೆ ಒತ್ತುತ್ತದೆ, ಕಾಲು ಎತ್ತಲಾಗುವುದಿಲ್ಲ. ಇದೆಲ್ಲ ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ಆಮೆ ನರಳುವುದಿಲ್ಲ, ಅಳುವುದಿಲ್ಲ. ಸದ್ದು ಮಾಡುವುದಿಲ್ಲವೆಂದು ತಂದ ಪ್ರಾಣಿ ನೋವಿನಲ್ಲೂ ಸದ್ದು ಮಾಡುವುದಿಲ್ಲ ಎಂಬುದನ್ನು ತರುವ ಮೊದಲೇ ಯೋಚಿಸಬೇಕು.

ಡಿಸೆಂಬರಿನ ಬೆಂಗಳೂರಿನ ರಾತ್ರಿ ಚಳಿ, ಮಳೆಗಾಲದ ಗೋಡೆಯ ತೇವ ಇವೂ ಒಣಸೀಮೆಯ ಆಮೆಗೆ ಶತ್ರುಗಳು. ಮೂಗಿನಲ್ಲಿ ಗುಳ್ಳೆ ಬರುತ್ತದೆ, ಬಾಯಿ ತೆರೆದು ಉಸಿರಾಡುತ್ತದೆ. ನಮ್ಮ ಹಾಗೆ ವಪೆ ಇಲ್ಲದ್ದರಿಂದ ಕೆಮ್ಮಿ ಕಫ ಹೊರಹಾಕಲು ಅದಕ್ಕೆ ಆಗುವುದಿಲ್ಲ. ಇನ್ನು ಊಟ. ಹುಲ್ಲೇ ಮುಖ್ಯ: ಗರಿಕೆ, ಒಣಹುಲ್ಲು, ಜೊತೆಗೆ ದಾಸವಾಳದ ಎಲೆ ಹೂವು, ನುಗ್ಗೆಸೊಪ್ಪು, ಪಾಪಾಸುಕಳ್ಳಿ. ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಹಾಕುವುದೋ ಅನ್ನ, ಚಪಾತಿ, ಬಿಸ್ಕತ್ತು, ಹಾಲು, ದಿನಾ ಬಾಳೆಹಣ್ಣು. ಹುಲ್ಲು ಅರಗಿಸಲೆಂದೇ ಇರುವ ಕರುಳು ಇವುಗಳಿಂದ ಕೆಡುತ್ತದೆ. ಎಲ್ಲಕ್ಕಿಂತ ದುಃಖದ ತಪ್ಪು ಇನ್ನೊಂದಿದೆ. ಆಮೆ ಎಂದಮೇಲೆ ನೀರಲ್ಲಿರಬೇಕೆಂದು ನೆಲದ ಆಮೆಯನ್ನು ಬಕೆಟ್ಟಿನಲ್ಲೋ ಅಕ್ವೇರಿಯಮ್ಮಿನಲ್ಲೋ ಬಿಡುತ್ತಾರೆ. ನಕ್ಷತ್ರ ಆಮೆಗೂ ಸಲ್ಕಾಟಾಗೂ ಈಜು ಬರುವುದಿಲ್ಲ. ತಲೆಯೆತ್ತಿ ಒದ್ದಾಡಿ, ಸುಸ್ತಾಗಿ ಮುಳುಗಿ ಸಾಯುತ್ತವೆ.

ಕಾಯಿಲೆ ಬಿದ್ದರೆ ನಾಯಿ, ಹಸುಗಳಿಗೆ ಇರುವಷ್ಟು ವೈದ್ಯರು ಆಮೆಗೆ ಇಲ್ಲ. ಉತ್ತರ ಬೆಂಗಳೂರಿಗೆ ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜು ಇರುವುದು ನಮ್ಮ ಪುಣ್ಯ, ರಿಂಗ್ ರೋಡಿನಲ್ಲಿ ಬಿಇಎಲ್ ಸರ್ಕಲ್ ದಾಟಿದರೆ ಸಿಗುತ್ತದೆ. ಆದರೆ ಬೀದಿಯ ಸಾಮಾನ್ಯ ಕ್ಲಿನಿಕ್ಕಿನಲ್ಲಿ ಸರೀಸೃಪ ಬಲ್ಲವರು ಸಿಗುವುದು ಕಷ್ಟ.

ಕೊನೆಗೆ ಆಯುಸ್ಸು. ಸಲ್ಕಾಟಾ ಎಪ್ಪತ್ತು ವರ್ಷ, ಅದಕ್ಕೂ ಹೆಚ್ಚು ಬದುಕಬಲ್ಲದು. ಸೇಂಟ್ ಹೆಲೆನಾ ದ್ವೀಪದ ಜೊನಾಥನ್ ಎಂಬ ದೈತ್ಯ ಆಮೆ ಹುಟ್ಟಿದ್ದು 1832ರ ಸುಮಾರಿಗೆ ಎಂದು ಲೆಕ್ಕ. ಗೊರಗುಂಟೆಪಾಳ್ಯದ ಬಾಡಿಗೆ ಕರಾರು ಹನ್ನೊಂದು ತಿಂಗಳದು. ಓನರು ಬಾಡಿಗೆ ಏರಿಸಿದರೆ, ಕಾರ್ಖಾನೆ ಮುಚ್ಚಿದರೆ, ಮಗಳಿಗೆ ಬೇರೆ ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕರೆ ಮನೆ ಬದಲಾಗುತ್ತದೆ. ಇಂದು ಎಂಟು ವರ್ಷದ ಮಗು ಹಟ ಹಿಡಿದು ತಂದ ಆಮೆ ಆ ಮಗು ಮುದುಕಿಯಾದಾಗಲೂ ಇರುತ್ತದೆ. ಇಷ್ಟು ದೀರ್ಘವಾದ ಮಾತನ್ನು ಬಾಡಿಗೆ ಮನೆಯಲ್ಲಿ ಕೂತು ಕೊಡುವುದು ನ್ಯಾಯವಲ್ಲ ಎಂಬುದು ನನ್ನ ನಿಲುವು. ಊರಿನಲ್ಲಿ ಜಮೀನಿರುವವರೂ ಇದನ್ನು ಹತ್ತು ಸಲ ಯೋಚಿಸಬೇಕು.

ಈಗಾಗಲೇ ಮನೆಯಲ್ಲಿ ಆಮೆ ಇರುವವರ ಸ್ಥಿತಿ ಬೇರೆ. ಕಾನೂನು ತಿಳಿದ ಕೂಡಲೇ ಹೆದರಿ ರಾತ್ರೋರಾತ್ರಿ ಜಿಕೆವಿಕೆ ಕಡೆಗೋ ಹೆಸರಘಟ್ಟದ ಹುಲ್ಲುಗಾವಲಿಗೋ ಒಯ್ದು ಬಿಡುವ ಯೋಚನೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಯಲ್ಲಿ ಬೆಳೆದ ಆಮೆಗೆ ಅಲ್ಲಿನ ಮೇವು, ಅಡಗುತಾಣ ಗೊತ್ತಿಲ್ಲ. ಅದರ ಮೈಯಲ್ಲಿರುವ ರೋಗ ಕಾಡಿನ ಆಮೆಗಳಿಗೆ ಹಬ್ಬಬಹುದು. ಗುಜರಾತಿನ ಕಡೆಯ ಆಮೆಯೂ ನಮ್ಮ ಕಡೆಯದೂ ಒಂದೇ ತಳಿಯಲ್ಲ, ಬೆರೆತರೆ ಎರಡಕ್ಕೂ ಕೇಡು. ಬಿಡುಗಡೆಯೂ ಒಂದು ಶಾಸ್ತ್ರ. 2018ರ ನವೆಂಬರಿನಲ್ಲಿ ಸಿಂಗಪುರದಲ್ಲಿ ರಕ್ಷಿಸಿದ್ದ 51 ನಕ್ಷತ್ರ ಆಮೆಗಳನ್ನು ಅಲ್ಲಿನ ಏಕರ್ಸ್ ಮತ್ತು ನಮ್ಮ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಗಳು ವಿಮಾನದಲ್ಲಿ ಬೆಂಗಳೂರಿಗೆ ತಂದು ಕರ್ನಾಟಕ ಅರಣ್ಯ ಇಲಾಖೆಗೆ ಒಪ್ಪಿಸಿದವು. ಹಾಗೆ ತವರಿಗೆ ಬಂದ ಆಮೆಗಳನ್ನೂ ತಂದ ದಿನವೇ ಕಾಡಿಗೆ ಬಿಡುವುದಿಲ್ಲ. ಮೊದಲು ಪ್ರತ್ಯೇಕವಾಗಿಟ್ಟು ಆರೋಗ್ಯ ನೋಡಬೇಕು, ಆಮೇಲೆ ನೆಲಕ್ಕೆ ಹೊಂದಿಸಬೇಕು.

ಅರಣ್ಯ ಇಲಾಖೆಗೂ ಒಂದು ಕೋರಿಕೆಯಿದೆ. ಆಮೆಯನ್ನು ತಾವಾಗಿಯೇ ತಂದೊಪ್ಪಿಸಲು ಬರುವ ಸಾಮಾನ್ಯ ಮನೆಯವರಿಗೆ ಏನಾಗುತ್ತದೆ, ಎಲ್ಲಿಗೆ ಬರಬೇಕು, ಯಾರನ್ನು ಕಾಣಬೇಕು ಎಂಬುದನ್ನು ಕನ್ನಡದಲ್ಲಿ, ಸರಳವಾಗಿ ಬರೆದು ಮೆಟ್ರೊ ನಿಲ್ದಾಣಗಳಲ್ಲಿ, ವಾರ್ಡ್ ಕಚೇರಿಗಳಲ್ಲಿ, ಶಾಲೆಗಳಲ್ಲಿ ಹಾಕಲಿ. ಈಗಿನ ಭಯದಿಂದ ಬಹಳ ಆಮೆಗಳು ಕತ್ತಲ ಕೋಣೆಯಲ್ಲೇ ಉಳಿಯುತ್ತಿವೆ.

ಮಗುವಿನ ಆಸೆಯನ್ನು ಹಾಗೇ ಚಿವುಟಬೇಕಿಲ್ಲ. ಮೈಸೂರು, ಬನ್ನೇರುಘಟ್ಟದ ಮೃಗಾಲಯಗಳಲ್ಲಿ ಪ್ರಾಣಿಯನ್ನು ದತ್ತು ಪಡೆಯುವ ಯೋಜನೆಯಿದೆ. ಮಗುವಿನ ಹೆಸರಲ್ಲೇ ಒಂದು ಪುಟ್ಟ ಪ್ರಾಣಿಯ ಮೇವಿನ ಖರ್ಚು ಕೊಟ್ಟು, ರಜೆಯಲ್ಲಿ ಹೋಗಿ ನೋಡಿ ಬರಬಹುದು. ನಕ್ಷತ್ರ ಆಮೆಯನ್ನು ಯಾರಾದರೂ ಮಾರಲು ಬಂದರೆ, ಬೀದಿಯಲ್ಲಿ ಒಂದು ಆಮೆ ಸಿಕ್ಕರೆ, ಅಥವಾ ನಿಮ್ಮ ಮನೆಯಲ್ಲೇ ಒಂದಿದ್ದು ಏನು ಮಾಡಬೇಕೆಂದು ತೋಚದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನು ಮಾಡಿ, ಇಲ್ಲವೇ ಮಲ್ಲೇಶ್ವರ 18ನೇ ಕ್ರಾಸಿನ ಅರಣ್ಯ ಭವನಕ್ಕೆ ಹೋಗಿ ವಿಚಾರಿಸಿ.